ಆರು, ಒಂಬತ್ತು

ಲಾರಿಯಿಂದ ಇಳಿಸುವಾಗಲೇ ಅನುಮಾನ:
ಹದಿನಾರಡಿಯ ಜಂತಿ, ಇಬ್ಬರೇ ಹೊತ್ತೆವು,
ಅದೂ ಮಾತಾಡುತ್ತ.
ಅಪ್ಪನ ಕಾಲದಲ್ಲಿ ಬೋಗಿಯ ತೊಲೆ ಬಂತೆಂದರೆ
ಎಂಟು ಹೆಗಲು, ಒಂದೇ ಉಸಿರು,
ಬೈಯುವುದಕ್ಕೇ ಇನ್ನೊಬ್ಬ ಬೇಕಿತ್ತು.

ಬಂದ್ಯೋಡು. ಸಾಹಿರಾ ಟೀಚರ ಮನೆ.
ಹಳೆಯ ಮುರಕಲ್ಲ ಗೋಡೆ, ಮಣ್ಣಿನ ಗಾರೆ,
ಕಾಂಕ್ರೀಟು ಹೊರಲಾರದು ಎಂದ ಇಂಜಿನಿಯರ್.
ಟ್ಯೂಷನ್ನಿಗೆ ಮೇಲೊಂದು ಕೋಣೆ ಬೇಕು,
ಮೂವತ್ತು ಮಕ್ಕಳು, ಅರವತ್ತು ಕಾಲು.
ಹಾಗಾಗಿ ಈ ಕಾರ್ಖಾನೆಯ ಮರ:
ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ,
ನಡುವೆ ಚಕ್ಕೆ ಒತ್ತಿದ ತೆಳ್ಳನೆ ಹಲಗೆ.
ಅಡ್ಡ ಕೊಯ್ದರೆ ಇಂಗ್ಲಿಷಿನ ಐ.

ಉಗುರಲ್ಲಿ ಕೆರೆದೆ. ಮೂಸಿದೆ.
ಹಲಸಿಗೆ ಹಳದಿ ವಾಸನೆ, ಬೇಂಗಕ್ಕೆ ಕೆಂಪು ಕಣ್ಣೀರು,
ಇದಕ್ಕೆ ಅಂಟು, ಹೊಸ ಚಪ್ಪಲಿಯ ಹಾಗೆ.
ಕೆಚ್ಚೆಲ್ಲಿ ಇದಕ್ಕೆ?
ನಕ್ಕ. ಕೆಚ್ಚೂ ಇಲ್ಲ ಗಂಟೂ ಇಲ್ಲ ಆಚಾರ್ರೇ,
ಹಾಗಾಗಿ ತಿರುಚುವುದೂ ಇಲ್ಲ.

ಕಾಗದದಲ್ಲಿ ಚಿತ್ರ ಬರೆದಿತ್ತು:
ನಡುವಿನ ಹಲಗೆಗೆ ತೂತು ಕೊರೆಯಬಹುದು,
ಊಟದ ತಟ್ಟೆಯಷ್ಟನ್ನೂ, ಗೋಡೆಯಿಂದ ದೂರವಿದ್ದರೆ.
ಅಂಚಿನ ಪಟ್ಟಿಗೆ ಮಾತ್ರ ಗರಗಸ ತಾಗಬಾರದು,
ಒಂದು ಗೆರೆಯಷ್ಟೂ.
ಅಪ್ಪ ಹೇಳಿದ್ದು ಇದರ ತಿರುಗುಮುರುಗು:
ಅಂಚಿನ ಬಿಳಿಯನ್ನು ಕೆತ್ತಿ ಬಿಸಾಡು, ನಡುವನ್ನು ಕಾಯಿ.
ಅಂಚಿನಲ್ಲೇ ಹುಟ್ಟಿ ಬೆಳೆದವನು ನಾನು,
ನನಗಿದು ಬೇಗ ತಿಳಿಯಬೇಕಿತ್ತು.

ಹನ್ನೊಂದು ಜಂತಿಗೂ ಪೆನ್ಸಿಲಲ್ಲಿ ಅಂಕೆ ಹಾಕಿದೆ,
ಶಾಲೆಯಲ್ಲಿ ಕಲಿತ ಅಂಕೆ: ೧, ೨, ೩.
೯ಕ್ಕೆ ನೆಲದಲ್ಲೇ ತೂತು ಕೊರೆದಿಟ್ಟೆ,
ಬಚ್ಚಲ ಪೈಪು ಅದನ್ನು ಹಾಯ್ದು ಇಳಿಯಬೇಕು.
ಮರುದಿನ ಕುಂಬ್ಳೆಗೆ ಹೋದೆ, ಹಲ್ಲು ಕೀಳಿಸಲು.

ಬಿಪುಲ್ ಏರಿಸಿದ. ಕೂಚ್ ಬಿಹಾರದ ಹುಡುಗ,
ಎರಡೇ ಏಟಿಗೆ ಮೊಳೆ ಕೂರಿಸುತ್ತಾನೆ.
ಅವನಿಗೆ ೬ ಆಯಿತು ೯, ೯ ಆಯಿತು ೬.
ನಿಜ ಹೇಳಬೇಕೆಂದರೆ
ನನ್ನ ಕೈಬರಹದಲ್ಲಿ ನನಗೂ.

ಮಧ್ಯಾಹ್ನ ಪ್ಲಂಬರ್ ಹಿಲರಿ ಬಂದ.
ಪೈಪು ಹೋಗಬೇಕಾದಲ್ಲಿ ತೂತಿಲ್ಲ.
ಫೋನ್ ಮಾಡಿದನಂತೆ, ನನ್ನ ಬಾಯಲ್ಲಿ ಹತ್ತಿ.
ಮೆಷಿನ್ ಹಿಡಿದು ಕೆಳಗಿನ ಪಟ್ಟಿಯನ್ನೇ ಕಚ್ಚಿಸಿದ,
ಎರಡು ಬೆರಳಗಲ.
ನೀರಿಗೆ ಇಳುಕಲು ಬೇಕಲ್ಲ, ಎಂದ ಆಮೇಲೆ.

ಸಂಜೆ ಮೇಲೆ ನಡೆದು ನೋಡಿದೆ.
ಕಿರ್ ಎನ್ನಲಿಲ್ಲ. ಹೆದರಿಕೆ ಅದೇ.
ಹಲಸಿನ ತೊಲೆ ಮುರಿಯುವ ಮುನ್ನ
ನಾಲ್ಕು ವರ್ಷ ನರಳುತ್ತದೆ, ಮನೆಯವರಿಗೆ ಬೇಸರ ಬರುವಷ್ಟು.
ಇದಕ್ಕೆ ಮಾತು ಬಾರದು.
ಟ್ಯೂಷನ್ ಬಿಟ್ಟ ಗಳಿಗೆ ಎಲ್ಲರೂ ಒಟ್ಟಿಗೆ ಎದ್ದು
ಮೆಟ್ಟಿಲ ಕಡೆ ಓಡಿದರೆ?

ಟೀಚರ್ ಚಾ ತಂದರು. ಎಲ್ಲ ಸರಿಯಾ ಆಚಾರ್ರೇ?
ಕೆನ್ನೆ ಊದಿತ್ತು. ಅದೇ ಸಾಕಿತ್ತು ನೆಪಕ್ಕೆ.
ಹಿಲರಿ ನನ್ನ ಮುಖ ನೋಡಿದ, ಬಿಪುಲ್ ನೆಲ ನೋಡಿದ.
ಏನೋ ಗೊಣಗಿದೆ. ಯಾರಿಗೂ ಕೇಳಲಿಲ್ಲ.
ಹತ್ತಿ ತೆಗೆದು ಇನ್ನೊಮ್ಮೆ ಹೇಳಿದೆ:
ಅಂಕೆ ನಂದು.

ಮಂಗಳೂರಿಂದ ಇನ್ನೊಂದು ಜಂತಿ ಬಂತು, ನನ್ನ ಕೂಲಿಯಲ್ಲಿ.
ಗಾಯಗೊಂಡದ್ದರ ಮಗ್ಗುಲಿಗೆ ಆನಿಸಿದೆವು,
ಗೋಡೆಯಿಂದ ಗೋಡೆಗೆ, ತೂತು ನಡುವಿಗೇ.
ಹಿಲರಿ ಇಳುಕಲನ್ನು ಬೇರೆ ಕಡೆಯಿಂದ ಹುಡುಕಿಕೊಂಡ,
ದುಡ್ಡಿನ ಮಾತೆತ್ತಲಿಲ್ಲ.

ಮುಚ್ಚಿಗೆ ಹೊಡೆಯುವ ಮುನ್ನ ಟಾರ್ಚು ಹಾಕಿ ನೋಡಿದರೆ
ನನ್ನ ಒಂದೊಂದು ಅಂಕೆಯ ಕೆಳಗೂ
ಬಿಪುಲನ ಊರಿನ ಅಂಕೆ, ಪುಟ್ಟದಾಗಿ.
ಯಾವಾಗ ಬರೆದನೋ.
ಎರಡು ತಪ್ಪು ಜಾಗದಲ್ಲೂ ತಪ್ಪಿಲ್ಲದೆ ಬರೆದಿದ್ದ.
ಹಲಗೆ ಬಿತ್ತು. ಇನ್ನು ಗೆದ್ದಲೇ ಓದಬೇಕು.

ಈಗ ಕೆಳಗೆ ಬಾಗಿಲು ಕೀಸುತ್ತಿದ್ದೇನೆ.
ಮೇಲೆ ಮಕ್ಕಳು ಮಗ್ಗಿ ಹೇಳುತ್ತಾರೆ,
ಕಿಟಕಿಯ ಕಡೆಯವರು ಮಲಯಾಳದಲ್ಲಿ,
ಗೋಡೆಯ ಕಡೆಯವರು ಕನ್ನಡದಲ್ಲಿ.
ಆರೊಂಬತ್ಲಿ ಐವತ್ನಾಲ್ಕು.
ಒಂಬತ್ತಾರ್ಲಿ ಐವತ್ನಾಲ್ಕು.
ಲೆಕ್ಕದಲ್ಲಿ, ಸರಿ.