ಒಂದು ಬೆರಳು ಜಾಗ

ಹಗಲೆಲ್ಲ ಪಾಸ್‌ಪೋರ್ಟಿನ ಮುಖಗಳು.
ಕಿವಿ ಎರಡೂ ಕಾಣಬೇಕು, ನಗಬಾರದು,
ಹಿಂದೆ ಬಿಳಿ ಬಟ್ಟೆ, ಗಲ್ಫಿಗಾದರೆ ಎಂಟು ಪ್ರತಿ.
ಸಂಜೆ ಶಟರು ಅರ್ಧ ಇಳಿಸಿ
ಮೊಂತು ಪೊರ್ಬುಗಳ ಕಾಲದ ಗಾಜಿನ ಮೇಜಿನ ಮೇಲೆ
ಬೀದಿಯಲ್ಲಿ ಹೆಕ್ಕಿ ತಂದದ್ದನ್ನು ಹರಡುತ್ತೇನೆ
ಇಸ್ಪೀಟಿನ ಎಲೆಗಳ ಹಾಗೆ.

ಮೀನು ಮಾರ್ಕೆಟಿನಲ್ಲಿ ತಕ್ಕಡಿ ಎತ್ತಿದ ಕೈ.
ಅದರ ಪಕ್ಕ, ವಿದ್ಯಾನಗರದ ಕೋರ್ಟಿನ ಮೆಟ್ಟಿಲಲ್ಲಿ
ಬಾಯಿ ತುಂಬ ಆಕಳಿಸುವ ವಕೀಲ.
ನ್ಯಾಯಕ್ಕೂ ಬಂಗುಡೆಗೂ ಒಂದೇ ತೂಕದ ಕಲ್ಲು.
ಇದು ಸುಲಭ. ತೆಗೆದಿಡುತ್ತೇನೆ.
ಕೆಲವು ಚಿತ್ರಗಳಿಗೆ ಜೋಕು ಹೇಳುವ ಅವಸರ,
ಹೊಸ ನೆಂಟರ ಹಾಗೆ.

ಕಳೆದ ತಿಂಗಳು ಕೈಗೆ ಸಿಕ್ಕಿದ್ದು ಬೇರೆ ಜೋಡಿ.
ಕುಂಬಳೆ ಸ್ಟೇಷನ್ನಿನ ಕಲ್ಲುಬೆಂಚಿನಲ್ಲಿ ಒಬ್ಬ ಹೆಂಗಸು,
ಮಡಿಲಲ್ಲಿ ಸ್ಟೀಲಿನ ಬುತ್ತಿ,
ಯಾರೋ ಕರೆದಂತೆ ಕತ್ತು ಬಲಕ್ಕೆ.
ಇನ್ನೊಂದರಲ್ಲಿ ಕಡಪ್ಪುರದ ಮರಳಿನಲ್ಲಿ ಒಬ್ಬ ಗಂಡಸು,
ಕಂಕುಳಲ್ಲಿ ಮಡಚಿದ ಕೊಡೆ, ಕತ್ತು ಎಡಕ್ಕೆ.
ನಾನು ಮಾಡಿದ್ದು ಇಷ್ಟೇ,
ಒಂದು ಬೆರಳು ಜಾಗ ಬಿಟ್ಟು ಅಕ್ಕಪಕ್ಕ ಇಟ್ಟೆ.
ಮೂರು ವರ್ಷ, ಹತ್ತು ಹನ್ನೆರಡು ಕಿಲೋಮೀಟರು,
ಒಂದು ಹೊಳೆ, ಎರಡು ರೈಲ್ವೇ ಗೇಟು
ಆ ಬೆರಳಿನೊಳಗೆ ಮಡಚಿಕೊಂಡವು.
ಅವರು ಒಬ್ಬರನ್ನೊಬ್ಬರು ನೋಡತೊಡಗಿದರು.

ನಮ್ಮ ಊರಲ್ಲಿ ಮಾತೂ ಹೀಗೆಯೇ ಅಲ್ಲವೇ?
ಕನ್ನಡದಲ್ಲಿ ಕರೆ ಎಂದರೆ ಕೂಗು.
ಕೊನೆಯ ಸ್ವರ ಚೂರು ಜಾರಿದರೆ ಮಲಯಾಳದ ಕರ,
ಅದು ದಡ.
ಅವಳಿಗೆ ಕೇಳಿದ್ದು ಒಂದು, ಅವನು ನಿಂತದ್ದು ಇನ್ನೊಂದು.
ನಡುವೆ ಯಾರೂ ಬರೆಯದ ಒಂದು ಅಕ್ಷರ.

ಅಂಗಡಿಯ ಎದುರಿನ ಗಾಜಿಗೆ ಹಾಕಿದೆ.
ಜೆರಾಕ್ಸಿನ ತಾಹಿರಾ ಹೇಳಿದಳು, ಅಣ್ಣ ತಂಗಿ, ಗಲ್ಲ ನೋಡಿ.
ಲಾಟರಿ ಮಾರುವ ಕುಂಞಂಬು
ಮೂರು ದಿನ ನೋಡಿ ತೀರ್ಪು ಕೊಟ್ಟ:
ಇವರಿಬ್ಬರದ್ದು ಇನ್ನೂ ಮುಗಿದಿಲ್ಲ.

ಶನಿವಾರ ಅವಳೇ ಬಂದಳು.
ಅದೇ ಬುತ್ತಿ. ಹೊರಗೆ ತುಂಬ ಹೊತ್ತು ನಿಂತು, ಆಮೇಲೆ ಒಳಗೆ.
ಚಿತ್ರದಲ್ಲಿ 'ಅವಳು' ಆಗಿದ್ದವರು
ಹೊಸ್ತಿಲು ದಾಟಿದ್ದೇ 'ನೀವು' ಆದರು.

ಇದು ನಾನು.
ಹೌದು.
ಇವರು ಯಾರು?
ಗೊತ್ತಿಲ್ಲ.
ನನಗೂ ಗೊತ್ತಿಲ್ಲ.

ಇಬ್ಬರಿಗೂ ಗೊತ್ತಿಲ್ಲದ ಮನುಷ್ಯ
ಕೊಡೆ ಹಿಡಿದು ನಮ್ಮ ಮಾತು ಮುಗಿಯಲೆಂದು ಕಾಯುತ್ತಿದ್ದ.
ತೆಗೆಯುತ್ತೇನೆ, ಈಗಲೇ ತೆಗೆಯುತ್ತೇನೆ ಎಂದೆ.
ನಗದೆ, ಎರಡೂ ಕಿವಿ ಕಾಣುವಂತೆ ನಿಂತಿದ್ದೆ.

ಅವರ ಹೆಸರು ನಾರಾಯಣಿ, ಶಾಲೆಯಲ್ಲಿ ಅಡುಗೆಯ ಕೆಲಸ.
ಸೌಟಿನಿಂದ ಅಳೆಯುವ ಹಾಗೆ ನಿಧಾನ ಹೇಳಿದರು:
ಆ ದಿನ ನಾನು ನೋಡಿದ್ದು ಒಂದು ನಾಯಿಯನ್ನು.
ಹಳಿ ದಾಟುತ್ತಿತ್ತು. ಗಾಡಿ ಬರುವ ಹೊತ್ತು.
ಮತ್ತೆ?
ಮತ್ತೆಂಥದು, ದಾಟಿತು.

ಫ್ಯಾನು ತಿರುಗಿತು. ಬೀದಿಯಲ್ಲಿ ಕುಂಞಂಬು
ನಾಳೆಯ ಕೋಟಿಯನ್ನು ಕೂಗುತ್ತಿದ್ದ.

ತೆಗೆಯುವುದು ಬೇಡ, ಎಂದರು.
ಮನೆಯಲ್ಲಿ ನನ್ನದು ಇಷ್ಟು ದೊಡ್ಡ ಫೋಟೋ ಇಲ್ಲ.
ಆದರೆ ನಡುವೆ ಆ ನಾಯಿಯನ್ನು ಇಡಿ.
ನನ್ನ ಹತ್ತಿರ ನಾಯಿಯ ಚಿತ್ರ ಇಲ್ಲವಲ್ಲ ಅಮ್ಮ.
ಇಲ್ಲದಿದ್ದರೆ ಜಾಗ ಬಿಡಿ,
ನಾಯಿಯೊಂದು ದಾಟುವಷ್ಟು.

ಬುತ್ತಿ ಎತ್ತಿಕೊಂಡು ಹೋದರು. ಬಸ್ಸಿನ ಹೊತ್ತು.
ಮೊಳೆ ಕಿತ್ತು, ಅಳೆದು, ಮತ್ತೆ ಹೊಡೆದೆ.

ಈಗ ಅವರಿಬ್ಬರ ನಡುವೆ ಗೋಡೆಯ ಹಳೇ ನೀಲಿ ಕಾಣುತ್ತದೆ,
ಪೊರ್ಬುಗಳು ಬಳಿಸಿದ್ದು, ಒಂದೆಡೆ ಚಕ್ಕೆ ಎದ್ದಿದೆ.
ಕುಂಞಂಬು ಬರುತ್ತಾನೆ,
ಆ ಮುಖವನ್ನೂ ನೋಡುವುದಿಲ್ಲ, ಈ ಮುಖವನ್ನೂ,
ಟಿಕೇಟುಗಳನ್ನು ಎದೆಗೆ ಒತ್ತಿ ಹಿಡಿದು
ಖಾಲಿ ಜಾಗದ ಎದುರು ನಿಲ್ಲುತ್ತಾನೆ.
ಏಳು ದಿನವಾಯಿತು.
ತೀರ್ಪು ಬಂದಿಲ್ಲ.