ಕೊನೆಯ ಸಾಲು

ಬೆಳಗಿನ ಏಳಕ್ಕೆ ಗುಡ್ಡದ ನೆತ್ತಿಯಲ್ಲಿರುತ್ತೇವೆ:
ಯೋರಿಸ್, ನಾನು, ಮುಕ್ಕಾಲಿಯೊಂದು, ದುರ್ಬೀನು ಎರಡು,
ಹೆಬ್ಬೆರಳಿಗೆ ಕಟ್ ಕಟ್ ಎಂದು ಎಣಿಸುವ ಯಂತ್ರ.
ಎಡಕ್ಕೆ ಕಪ್ಪು ಸಮುದ್ರ, ಇವತ್ತು ಬರೀ ಬೂದಿ.
ಬಲಕ್ಕೆ ಕಾಕಸಸ್ಸಿನ ಹಲ್ಲುಸಾಲು.
ನಡುವಿನ ಸಂದಿಯಲ್ಲಿ
ಉತ್ತರದ ಅಷ್ಟೂ ಕಾಡುಗಳ ಗಿಡುಗಗಳು
ಸೂಜಿಗಣ್ಣಿಗೆ ನೂಲು ತೂರಿದ ಹಾಗೆ
ದಕ್ಷಿಣಕ್ಕೆ.

ಯೋರಿಸ್ ಹಾಲೆಂಡಿನವನು.
ಅವನ ಊರಲ್ಲಿ ಗುಡ್ಡವೇ ಇಲ್ಲವಂತೆ; ಎತ್ತರವೆಂದರೆ ಹಕ್ಕಿ ಮಾತ್ರ.
ಅವನು ಕಲಿಸಿದ್ದು:
ಬಣ್ಣವನ್ನು ನಂಬಬೇಡ,
ಬಣ್ಣ ಬಿಸಿಲು ಹೇಳಿದಂತೆ ಕೇಳುತ್ತದೆ.
ರೆಕ್ಕೆ ಹೇಗೆ ಹಿಡಿದಿದೆ, ಅದನ್ನು ನೋಡು.
ಚಪ್ಪಟೆಯಾಗಿ ಹಾಸಿ, ತುದಿ ತುಸು ಜೋತು,
ಕೋಗಿಲೆಯಂಥ ಪುಟ್ಟ ತಲೆ ಮುಂದೆ ಚಾಚಿದರೆ
ಜೇನುಗಿಡುಗ.
ಮಗುವನ್ನು ಎತ್ತಿಕೊಳ್ಳಲು ಹೊರಟವರಂತೆ
ತೋಳೆರಡೂ ಮೇಲಾದರೆ ಬಯಲುಗಿಡುಗ.
ಬಾಗಿಲ ಹಲಗೆಯಂಥ ರೆಕ್ಕೆ, ಕೊನೆಯಲ್ಲಿ ಬಿಡಿಸಿದ ಬೆರಳು,
ಬಡಿಯಲೂ ಸೋಮಾರಿತನ: ಚುಕ್ಕೆಹದ್ದು.

ಇದೆಲ್ಲ ಕಲಿಯುವ ಮೊದಲೇ
ನನಗೊಂದು ಪಾಠವಾಗಿತ್ತು. ಅವನಿಗೆ ಹೇಳಿಲ್ಲ.

ಏಳು ವರ್ಷ ಆಗ. ಎಲೆಮರೆಯ ಗೂಡಿನೊಳಗೆ
ಅಪ್ಪ ರೊಸ್ತೋಮ್, ಮಡಚಿದ ಬಲೆ, ಜೋಳದ ರೊಟ್ಟಿ, ನಾನು.
ಹೊರಗೆ ಕೋಲಿನ ತುದಿಗೆ ದಾರ ಕಟ್ಟಿದ ಕಳಿಂಗ ಹಕ್ಕಿ,
ಹಿಡಿಗಾತ್ರದ್ದು.
ಆಕಾಶ ನೋಡಿದರೆ ತಲೆಗೊಂದು ಮೊಟಕು.
'ಮೇಲೆ ನೋಡಬೇಡ. ಅದನ್ನು ನೋಡು.'

ಕಳಿಂಗ ಗರಿ ಬಿಗಿದು ಕಡ್ಡಿಯಾದರೆ ದೊಡ್ಡದೇನೋ,
ದೂರದಲ್ಲಿ, ನಮಗಲ್ಲ.
ಕತ್ತು ಮಾತ್ರ ಹೊರಳಿಸಿದರೆ ಹದ್ದು, ಅದಕ್ಕೆ ಇದು ತುತ್ತಿಗೂ ಸಾಲದು.
ಒಮ್ಮೆಲೇ ಕುಸಿದು, ಕೋಲಿಗೆ ಎದೆಯೊತ್ತಿ,
ಕೂಗೂ ಗಂಟಲಲ್ಲಿ ಸಿಕ್ಕಿಕೊಂಡರೆ
ಬಿಜ್ಜು. ಬಂತು. ಎಳೆ ದಾರ.

ಬೇಟೆಹಕ್ಕಿಗಳ ಹೆಸರುಗಳನ್ನು ನಾನು
ಒಂದು ಸಣ್ಣ ಹಕ್ಕಿಯ ಭಯದಲ್ಲಿ ಓದಿದೆ.

ಸಿಕ್ಕ ಬಿಜ್ಜುವನ್ನು ಅಪ್ಪ ಏಳು ರಾತ್ರಿ
ಮುಂಗೈಮೇಲೆ ಕೂರಿಸಿಕೊಂಡು ತಾನೂ ಮಲಗಲಿಲ್ಲ.
ಬುರ್ಲಿ ಹಿಡಿಸಿದ. ಹಣ್ಣೆಲೆ ಉದುರುವ ಹೊತ್ತಿಗೆ
ತೊಗಲ ಕಟ್ಟು ಬಿಚ್ಚಿ ಹಾರಿಬಿಟ್ಟ.
ಇಷ್ಟನ್ನೇ ಹೇಳಿ ನಿಲ್ಲಿಸಬಹುದಿತ್ತು.
ಆದರೆ ಬಂದೂಕೂ ಇತ್ತು,
ಗುಡ್ಡದ ಪ್ರತಿ ಮನೆಯಲ್ಲೂ ಇತ್ತು,
ಸೆಪ್ಟೆಂಬರಿನ ಅಡುಗೆಮನೆಗಳಲ್ಲಿ ಜೇನುಗಿಡುಗದ ಸಾರು
ಕೊಬ್ಬಿನಿಂದ ಮಿನುಗುತ್ತಿತ್ತು.
ನಾನೂ ಉಂಡಿದ್ದೇನೆ. ರುಚಿಯಾಗಿತ್ತು.

ಇವತ್ತು ಅಪ್ಪ ಅಕ್ರೋಟಿನ ಡಬ್ಬಿ ಹಿಡಿದು ಹತ್ತಿ ಬಂದ,
ನಾಲ್ಕು ಕಡೆ ಕೂತು. ಕಣ್ಣಿಗೆ ಪೊರೆ ಬಂದಿದೆ.
ದುರ್ಬೀನು ಕೊಟ್ಟರೆ ತಿರುಗಿಸಿ, ಮೂಸಿ, ವಾಪಸು ಕೊಟ್ಟ.
'ದೂರದಿಂದ ಹೆಸರು ಹೇಳುತ್ತೀರಿ,
ಅದರ ಉಗುರು ನಿಮ್ಮ ಹೆಬ್ಬೆರಳಿಗೆ ಇಳಿದಿಲ್ಲ.'
ಯೋರಿಸ್‌ಗೆ ಅನುವಾದಿಸಿದೆ. ಅವನು ನಕ್ಕು
ತನ್ನ ಹೆಬ್ಬೆರಳು ನೋಡಿಕೊಂಡ.

ಮಧ್ಯಾಹ್ನ ಮೋಡದಂಚಿಗೆ ಒಂಟಿ ಚುಕ್ಕೆ.
'ಜೇನುಗಿಡುಗ, ಈ ವರ್ಷದ ಮರಿ,' ಎಂದೆ.
'ಬಾಲ ಗಿಡ್ಡ,' ಎಂದ ಯೋರಿಸ್, 'ಬಯಲುಗಿಡುಗ.'
ಆಮೇಲೆ, 'ಇಲ್ಲ.' ಆಮೇಲೆ, 'ತಡಿ.'
ರೆಕ್ಕೆ ಒಮ್ಮೆ ಚಪ್ಪಟೆ, ಒಮ್ಮೆ ಮೇಲೆ,
ಯಾವ ಪಾಠವನ್ನೂ ಓದಿಕೊಂಡು ಬಂದಿರಲಿಲ್ಲ ಅದು.
ಕೆಳಗೆ ತಂತಿಯ ಮೇಲೆ ಕಳಿಂಗವೊಂದು ಕೂತಿತ್ತು.
ಯಾರಿಗೂ ಗೊತ್ತಾಗದಂತೆ ಅದನ್ನು ನೋಡಿದೆ.
ಜೀರುಂಡೆ ತಿನ್ನುತ್ತಿತ್ತು.

ಹಕ್ಕಿ ತುರ್ಕಿಯ ಕಡೆ ಕರಗಿತು.
ಹಾಳೆಯ ತಳದಲ್ಲೊಂದು ಸಾಲಿದೆ, 'ಗುರುತಾಗದ್ದು'.
ಅಲ್ಲೊಂದು ಗೀಟು ಹಾಕಿದೆ.

'ಏನು ಬರೆದೆ?'
'ಗೊತ್ತಾಗಲಿಲ್ಲ ಅಂತ.'
ಅಪ್ಪ ಅಕ್ರೋಟು ಒಡೆಯುವುದು ನಿಲ್ಲಿಸಿದ.
'ನಾವು ಕೆಳಗೆ ಬಿದ್ದಮೇಲೆ ಹೆಸರು ಕೇಳುತ್ತಿದ್ದೆವು,' ಎಂದ.
ಸಮುದ್ರದ ಕಡೆ ಮುಖ ಮಾಡಿ ಕೂತ, ತುಂಬ ಹೊತ್ತು.

ಈ ಮಾತನ್ನು ಯೋರಿಸ್‌ಗೆ ಅನುವಾದಿಸಲಿಲ್ಲ.
ಬಲಗಡೆ ಶಿಖರದ ಬೆನ್ನಿಂದ ಹೊಸ ಗುಂಪೆದ್ದಿತ್ತು,
ಇನ್ನೂರೋ ಮುನ್ನೂರೋ, ಬಿಸಿಗಾಳಿಯಲ್ಲಿ ಸುತ್ತುತ್ತ.
ಹೆಬ್ಬೆರಳು ತಾನಾಗಿಯೇ ಶುರುಮಾಡಿತು. ಕಟ್. ಕಟ್.