ಕಲಿತದ್ದು ಎಂಬ ಕಾಲಂ

ಒಂಬತ್ತಾಯಿತು, ಬೆಳಗಾಗಿಲ್ಲ.
ಜನವರಿಯ ಆರ್ಕ್ನಿ ದ್ವೀಪದಲ್ಲಿ ಸೂರ್ಯನೂ
ತಡವಾಗಿ ಬಂದು ಬೇಗ ಮನೆಗೆ ಹೋಗುವ ಹುಡುಗ.
ನರ್ಸರಿಯ ಬಾಗಿಲನ್ನು ಎರಡೂ ಕೈಯಲ್ಲಿ ಎಳೆಯುತ್ತೇನೆ:
ಗಾಳಿ ಅದಕ್ಕೆ ಬೆನ್ನು ಕೊಟ್ಟು ನಿಂತಿದೆ,
ಸ್ನಾನ ಒಲ್ಲೆನೆನ್ನುವ ಮಗುವಿನ ಹಠ.

ಹನ್ನೊಂದು ಗೂಟ, ಗೂಟಕ್ಕೊಂದು ಚಿತ್ರ.
ಅಕ್ಷರದ ಗುರುತು ಇನ್ನೂ ಹತ್ತದವರಿಗೆ
ಏಡಿ, ಕೊಡೆ, ಟ್ರ್ಯಾಕ್ಟರು, ಸೀಲು.
ಥೋರಾ ತನ್ನ ಕೋಟನ್ನು ಏಡಿಗೆ ತೂಗುಹಾಕಿ
"ಕಚ್ಚಬೇಡ" ಎಂದು ದಿನವೂ ಹೇಳಿ ಹೋಗುತ್ತಾಳೆ.
ಕೆಳಗೆ ಇಪ್ಪತ್ತೆರಡು ರಬ್ಬರ್ ಬೂಟು,
ಎಡ ಬಲ ಗೊತ್ತಿಲ್ಲದ ಒಂದು ಊರು.

ನನ್ನ ಕೈಯಲ್ಲಿ ಟ್ಯಾಬ್, ಟ್ಯಾಬಿನಲ್ಲಿ ಕಾಲಂ:
ಮಗುವಿನ ಹೆಸರು. ಆಡಿದ್ದು. ಕಲಿತದ್ದು.
ಮೊದಲೆರಡು ಸಲೀಸು.
ಮೂರನೆಯದರಲ್ಲಿ ಗೆರೆ ಮಿನುಗುತ್ತ ಕೂರುತ್ತದೆ,
ಮಿಸೆಸ್ ಫ್ಲೆಟ್ ಕನ್ನಡಕದ ಮೇಲಿಂದ ನೋಡುವ ಹಾಗೆ.

ಎರ್ಲೆಂಡ್ ಜರಡಿಯಲ್ಲಿ ನೀರು ಹೊರುತ್ತಿದ್ದಾನೆ,
ತೊಟ್ಟಿಯಿಂದ ಕಿಟಕಿಯವರೆಗೆ, ಏಳು ಹೆಜ್ಜೆ.
ತಲುಪುವಾಗ ಖಾಲಿ. ಬೈದುಕೊಳ್ಳುವುದಿಲ್ಲ.
ತಿರುಗಿ ಹೋಗಿ ಮತ್ತೆ ಮುಳುಗಿಸುತ್ತಾನೆ.
ಹಿಂದೆ ನಾನು, ನೆಲ ಒರೆಸುವ ಕೋಲು ಹಿಡಿದು,
ಜಾರೀತು ಜಾರೀತು ಎನ್ನುತ್ತ.
ಒಂಬತ್ತನೆಯ ಸಲಕ್ಕೆ ಓಡಿದ:
ಸೋರಲು ನೀರಿಗೆ ಪುರುಸೊತ್ತು ಕೊಡಬಾರದಲ್ಲ!
"ವೇಗದ ಕಲ್ಪನೆ" ಎಂದು ಬರೆದೆ.
ಅಷ್ಟರಲ್ಲಿ ಅವನು ಬಿದ್ದ. ಅಳಿಸಿದೆ.

ಕಿಂಗಾ ಆಗಸ್ಟಿನಲ್ಲಿ ಬಂದವಳು.
ತಾಯಿ ಏಡಿ ಕಾರ್ಖಾನೆಯಲ್ಲಿ; ಮನೆಮಾತು ಪೋಲಿಷ್.
ಐದು ತಿಂಗಳು ಇಲ್ಲಿ ಒಂದು ಮಾತೂ ಆಡದವಳು
ಎದ್ದು ಬಂದಳು, ಆಟದ ಅಡುಗೆಮನೆಯಿಂದ
ಸೂಪಿನ ಬಟ್ಟಲು ತಂದು
ಜರಡಿಯ ಕೆಳಗೆ ಹಿಡಿದಳು. ಅಷ್ಟೇ.
ಒಬ್ಬ ಹೊರುತ್ತಾನೆ, ಒಬ್ಬಳು ಸೋರಿದ್ದನ್ನು ಹೊರುತ್ತಾಳೆ,
ಏಳು ಹೆಜ್ಜೆ, ನಾಲ್ಕು ಕಾಲು, ಒಂದೇ ನಡಿಗೆ.
ಕಿಟಕಿಯ ಬಳಿ ಮೂರು ಚಮಚದಷ್ಟು ನೀರು
ಮೊಸರಿನ ಡಬ್ಬಿಯ ಹುರುಳಿ ಗಿಡಗಳಿಗೆ.

ಡಬ್ಬಿಗಳದ್ದು ಬೇರೆಯೇ ಕಥೆ.
ಮ್ಯಾನ್ಸಿ ತನ್ನ ಕಾಳನ್ನು ದಿನಕ್ಕೆರಡು ಸಲ
ಅಗೆದು ನೋಡುತ್ತಿದ್ದ, ಬೆಳೆಯುತ್ತಿದೆಯೇ ಎಂದು.
ಎಲ್ಲರದ್ದೂ ಚಿಗುರಿತು, ಅವನದ್ದು ಕಪ್ಪಾಯಿತು.
ಶುಕ್ರವಾರ ಸಂಜೆ ಬಾಗಿಲು ಹಾಕಿದ ಮೇಲೆ
ನಾನೂ ಇಸೊಬೆಲ್‌ಳೂ ಕಳ್ಳರಂತೆ
ಮೊಳೆತ ಇನ್ನೊಂದನ್ನು ಅಲ್ಲಿ ಹೂತಿಟ್ಟೆವು.
ಸೋಮವಾರ ಅವನು ಬಹಳ ಹೊತ್ತು ನೋಡಿದ.
"ಇದು ನನ್ನದಲ್ಲ," ಅಂದ.
"ನನ್ನದಕ್ಕೆ ಗಾಯ ಇತ್ತು."
ಇಸೊಬೆಲ್ ಬಣ್ಣದ ಬ್ರಷ್ ತೊಳೆಯಲು ಹೋದಳು.
ಆಗಲೇ ತೊಳೆದಿದ್ದ ಬ್ರಷ್‌ಗಳು.
ಕಸದಬುಟ್ಟಿಯಲ್ಲಿ ಹುಡುಕಿ ಕರಿಕಾಳನ್ನು ತಂದುಕೊಟ್ಟೆ.
ಅದೀಗ ಅವನ ಜೇಬಿನಲ್ಲಿದೆ, ಬೆಚ್ಚಗಿದೆ ಅನ್ನುತ್ತಾನೆ.

ಓಟ್ ಬಿಸ್ಕತ್ತು, ಸೇಬಿನ ಹೋಳು, ಹಾಲು.
ಹೋಳು ಹಂಚುವಾಗ ಥೋರಾಗೆ ಲೆಕ್ಕ ತಪ್ಪುವುದಿಲ್ಲ,
ತನಗೆ ಎರಡು ಬರುವವರೆಗೆ ಎಣಿಸುತ್ತಾಳೆ.

ಮಧ್ಯಾಹ್ನ ಅಂಗಳಕ್ಕೆ ಬಿಟ್ಟೆವು.
ಮರವಿಲ್ಲದ ಊರು, ಗಾಳಿಗೆ ತಡೆಯೇ ಇಲ್ಲ.
ಗಾಳಿ ಗುದ್ದಿದರೆ ಮೈ ನೋವೆಂಬ ಗಾದೆ
ನಾಲ್ಕು ವರ್ಷದವರಿಗೆ ಯಾರು ಹೇಳಬೇಕು?
ಹನ್ನೊಂದು ಜನ ಸೇರಿ ಗುದ್ದಿದರು.
ಅದು ತಿರುಗಿ ತಳ್ಳಿತು. ಹುಲ್ಲಿನ ಮೇಲೆ ರಾಶಿ ಬಿದ್ದು
ನಗು ಮೇಲೆದ್ದಿತು, ಮಕ್ಕಳು ಏಳಲಿಲ್ಲ.
ಎರ್ಲೆಂಡ್ ಒಬ್ಬನೇ ಬೇಲಿಯ ಬಳಿ
ಜರಡಿಯನ್ನು ಗಾಳಿಗೆ ಎತ್ತಿ ಹಿಡಿದು ನಿಂತಿದ್ದ.
"ಏನು ಹಿಡಿಯುತ್ತಿದ್ದೀಯ?"
"ತೂತು ಹಾಡ್ತಾ ಇವೆ. ಶ್!"
ಪಕ್ಕದಲ್ಲಿ ಕಿಂಗಾ, ಬಟ್ಟಲು ಹಿಡಿದು, ಕೆಳಗೆ.
ಬಗ್ಗಿ ಕಿವಿಗೊಟ್ಟೆ. ನನಗೆ ಕೇಳಿಸಲಿಲ್ಲ.
ಕಿಂಗಾ ನನ್ನ ತೋಳು ಎಳೆದಳು,
ಇನ್ನೂ ಸ್ವಲ್ಪ ಕೆಳಗೆ, ತನ್ನೆತ್ತರಕ್ಕೆ.
"ಇಲ್ಲಿ," ಅಂದಳು,
ನಮ್ಮ ಭಾಷೆಯಲ್ಲಿ.

ಮೂರೂವರೆಗೆ ದೀಪ ಹಚ್ಚಿ ಬೂಟು ಜೋಡಿಸಿದೆ.
ಟ್ಯಾಬ್ ಚಾರ್ಜಿಗೆ ಇಟ್ಟೆ, ಕಾಲಂ ಹಾಗೇ ಇತ್ತು.
ಮೊಣಕಾಲಿನ ಮೇಲೆ ಹುಲ್ಲಿನ ಕಲೆ,
ಒರೆಸಲಿಲ್ಲ.